ನೋವಿಗೆ ಖಾಯಂ ವಿಳಾಸ ಕೇಳಬೇಕೇ?

ಹರಪನಹಳ್ಳಿ ತಾಲ್ಲೂಕು ಕಾಲು ಶತಮಾನದಲ್ಲಿ ಮೂರು ಬಾರಿ ಜಿಲ್ಲೆ ಬದಲಿಸಿದೆ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಮತ್ತು ಹೊಸಪೇಟೆಗಳ ಜೊತೆಗೆ ಹೊಸ ವಿಜಯನಗರ ಜಿಲ್ಲೆಯ ಭಾಗವಾಯಿತು. ಊರು ಇದ್ದಲ್ಲಿಯೇ ಇತ್ತು, ವಿಳಾಸ ಮಾತ್ರ ಬದಲಾಗುತ್ತ ಬಂತು. ಈ ಸೀಮೆಯ ದುಡಿಯುವ ಜನರ ಸ್ಥಿತಿ ಇದಕ್ಕೆ ತದ್ವಿರುದ್ಧ. ಮಳೆಯಾಶ್ರಿತ ಹೊಲದ ಕೆಲಸ ಮುಗಿಯುತ್ತಲೇ ತಾಂಡಾಗಳಿಂದ, ಹಳ್ಳಿಗಳಿಂದ ಜನ ಗುಳೆ ಹೊರಡುತ್ತಾರೆ. ಕೆಲವರು ಮಂಡ್ಯ ಸೀಮೆಗೂ ಮಹಾರಾಷ್ಟ್ರಕ್ಕೂ ಕಬ್ಬು ಕಡಿಯಲು ಹೋದರೆ, ಕೆಲವರು ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ, ಮತ್ತೆ ಕೆಲವರು ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಅವರ ವಿಳಾಸ ಊರಿನಲ್ಲಿಯೇ ಉಳಿಯುತ್ತದೆ, ಅವರು ಮಾತ್ರ ಅಲ್ಲಿರುವುದಿಲ್ಲ.

ಕಾನೂನು ಪ್ರಜೆಗೆ ಕೇಳುವ ಮೊದಲ ಪ್ರಶ್ನೆ 'ನಿನ್ನದು ಯಾವ ಊರು?' ಎಂಬುದು. ಮತಪಟ್ಟಿಗೆ, ಜಮೀನಿನ ಪಹಣಿಗೆ ಈ ಪ್ರಶ್ನೆ ಸಹಜವಾದದ್ದೇ. ಆದರೆ ತೀವ್ರವಾದ ನೋವಿನಲ್ಲಿರುವ ರೋಗಿಯ ಔಷಧಕ್ಕೂ ಇದೇ ಪ್ರಶ್ನೆ ಕೇಳಬೇಕೇ? ಔಷಧೀಯ ಗಾಂಜಾ ಕುರಿತು ನಮ್ಮ ದೇಶದಲ್ಲಿ ಈಗ ನಡೆಯುತ್ತಿರುವ ಚರ್ಚೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತುತ್ತಿಲ್ಲ. ಬೆಳೆಸಬೇಕೇ ಬೇಡವೇ, ಆದಾಯ ಎಷ್ಟು ಬಂದೀತು, ಯುವಕರು ಹಾಳಾಗುವರೇ ಎಂಬ ವಾದಗಳು ಬೇಕಾದಷ್ಟಿವೆ. ಔಷಧದ ಅನುಮತಿ ರೋಗಿಯ ಜೊತೆಯಲ್ಲಿ ನಡೆದುಬರುತ್ತದೆಯೇ ಅಥವಾ ರಾಜ್ಯದ ಗಡಿಯಲ್ಲಿ ನಿಂತುಬಿಡುತ್ತದೆಯೇ ಎಂಬುದು ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಮುಖ್ಯವಾದ ಸಂಗತಿ.

ಈ ತೊಡಕಿನ ಪೂರ್ಣರೂಪವನ್ನು ನೋಡಬೇಕಾದರೆ ಅಮೆರಿಕದತ್ತ ಕಣ್ಣು ಹಾಯಿಸಬೇಕು. ಅಲ್ಲಿನ ಒಕ್ಕೂಟದ ಕಾನೂನು ದಶಕಗಳ ಕಾಲ ಗಾಂಜಾವನ್ನು ವೈದ್ಯಕೀಯ ಉಪಯೋಗವೇ ಇಲ್ಲದ ವಸ್ತುಗಳ ಪಟ್ಟಿಯಲ್ಲಿರಿಸಿತ್ತು. 1996ರಲ್ಲಿ ಕ್ಯಾಲಿಫೋರ್ನಿಯಾ ತನ್ನದೇ ಕಾನೂನು ಮಾಡಿ ರೋಗಿಗಳಿಗೆ ಅವಕಾಶ ಕೊಟ್ಟಿತು. ಆಮೇಲೆ ಒಂದೊಂದು ರಾಜ್ಯವೂ ತನಗೆ ತೋಚಿದ ನಿಯಮ ಮಾಡಿಕೊಂಡಿತು. ನೆವಾಡಾ ಬೇರೆ ರಾಜ್ಯದ ರೋಗಿಯ ಚೀಟಿಯನ್ನು ಮಾನ್ಯ ಮಾಡುತ್ತದೆ, ಹಲವು ರಾಜ್ಯಗಳು ಮಾಡುವುದಿಲ್ಲ. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಿಸಿದ ರೋಗಿ ಹೊಸದಾಗಿ ನಿವಾಸಿಯೆಂದು ಸಾಬೀತುಪಡಿಸಿ, ಹೊಸ ವೈದ್ಯರನ್ನು ಕಂಡು, ಹೊಸ ಚೀಟಿ ಪಡೆಯುವವರೆಗೆ ಕಾಯಬೇಕು. ಕಾಯಿಲೆ ಕಾಯುವುದಿಲ್ಲ. ಅಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳೂ ನೌಕರಿಗಾಗಿ ರಾಜ್ಯದಿಂದ ರಾಜ್ಯಕ್ಕೆ ಹೋಗುವವೇ ಆದ್ದರಿಂದ ಇದು ನಮಗೆ ತೀರ ದೂರದ ಮಾತಲ್ಲ.

ಫ್ಲಾರಿಡಾ ರಾಜ್ಯದ ನಿಯಮವೊಂದು ವಿಶೇಷವಾಗಿ ಗಮನಾರ್ಹ. ಚಳಿಗಾಲ ಕಳೆಯಲು ಉತ್ತರದ ರಾಜ್ಯಗಳಿಂದ ಬರುವ ವೃದ್ಧರಿಗಾಗಿ ಅದು 'ಋತುಮಾನದ ನಿವಾಸಿ' ಎಂಬ ವರ್ಗವನ್ನೇ ಸೃಷ್ಟಿಸಿದೆ. ವರ್ಷಕ್ಕೆ ಸತತ 31 ದಿನ ಅಲ್ಲಿ ತಂಗುವವನು, ಖಾಯಂ ಮನೆ ಬೇರೆ ರಾಜ್ಯದಲ್ಲಿದ್ದರೂ, ಔಷಧೀಯ ಗಾಂಜಾ ಪಡೆಯಲು ಅರ್ಹ. ಬಿಸಿಲು ಅರಸಿ ಬರುವ ಸಿರಿವಂತ ವೃದ್ಧನಿಗೆ ಒಂದು ಸರ್ಕಾರ ತೋರಿಸಿದ ಈ ತಿಳಿವಳಿಕೆಯನ್ನು ಕೂಲಿ ಅರಸಿ ಹೋಗುವ ಹಡಗಲಿಯ ಕಾರ್ಮಿಕನಿಗೆ ನಮ್ಮ ಯಾವ ಸರ್ಕಾರವೂ ತೋರಿಸಿಲ್ಲ. ಅವನೂ ಋತುಮಾನದ ನಿವಾಸಿಯೇ ಅಲ್ಲವೇ?

ನಮ್ಮ ಕಾನೂನಿನ ಸ್ಥಿತಿ ಹೀಗಿದೆ. 1985ರ ಮಾದಕ ದ್ರವ್ಯ ಮತ್ತು ಮನೋಉತ್ತೇಜಕ ವಸ್ತುಗಳ ಕಾಯ್ದೆ ಗಾಂಜಾ ಮತ್ತು ಚರಸ್‌ಗಳನ್ನು ನಿಷೇಧಿಸುತ್ತದೆ. ಆದರೆ ನಿಷೇಧ ವಿಧಿಸುವ 8ನೇ ಕಲಮಿನಲ್ಲಿಯೇ ವೈದ್ಯಕೀಯ ಹಾಗೂ ವೈಜ್ಞಾನಿಕ ಉದ್ದೇಶಗಳಿಗೆ ವಿನಾಯಿತಿ ಇದೆ. ಆ ವಿನಾಯಿತಿಯನ್ನು ಆಚರಣೆಗೆ ತರುವ ಅಧಿಕಾರ, ಗಾಂಜಾ ಗಿಡದ ಮಟ್ಟಿಗೆ, ಬಹುಪಾಲು 10ನೇ ಕಲಮಿನ ಅನ್ವಯ ರಾಜ್ಯ ಸರ್ಕಾರಗಳದ್ದು. ಇನ್ನೊಂದು ವಿಶೇಷವೆಂದರೆ, ಹೂವಿನ ತುದಿಯಿಲ್ಲದ ಬರಿಯ ಎಲೆ ಮತ್ತು ಬೀಜಗಳು ಕಾಯ್ದೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ. ಭಂಗಿ ಈ ಕಾಯ್ದೆಯಡಿ ನಿಷೇಧಿತ ವಸ್ತುವಲ್ಲ ಎಂದು ಕರ್ನಾಟಕ ಹೈಕೋರ್ಟ್ 2022ರಲ್ಲಿ ಜಾಮೀನು ಅರ್ಜಿಯೊಂದರ ಸಂದರ್ಭದಲ್ಲಿ ಅಭಿಪ್ರಾಯಪಟ್ಟದ್ದು ಈ ಕಾರಣದಿಂದಲೇ. ಆಯುರ್ವೇದದ ವಿಷದ್ರವ್ಯಗಳ ಅಧಿಕೃತ ಪಟ್ಟಿಯಲ್ಲಿ ಭಂಗಿಯ ಹೆಸರಿದೆ. ಅಂದರೆ ಅದು ವೈದ್ಯರ ಮೇಲ್ವಿಚಾರಣೆಯಲ್ಲಿ ಬಳಸಬಹುದಾದ ಔಷಧ. ಈ ಕಿಂಡಿಯ ಮೂಲಕವೇ 2020ರಲ್ಲಿ ಬೆಂಗಳೂರಿನಲ್ಲಿ ಗಾಂಜಾ ಮೂಲದ ಔಷಧಗಳ ಚಿಕಿತ್ಸಾಲಯವೊಂದು ಆರಂಭವಾಯಿತು. ಇಂದು ದೂರವಾಣಿಯಲ್ಲಿ ಸಲಹೆ ಪಡೆದು ಅಂಚೆಯಲ್ಲಿ ಇಂಥ ಎಣ್ಣೆ ತರಿಸಿಕೊಳ್ಳುವ ನಗರವಾಸಿಗಳಿದ್ದಾರೆ. ಅದರ ಬೆಲೆಯಾಗಲಿ, ಅದನ್ನು ಕೇಳುವ ಭಾಷೆಯಾಗಲಿ ಕೊಟ್ಟೂರಿನ ಕೂಲಿಕಾರನ ಕೈಗೆಟುಕುವಂಥದ್ದಲ್ಲ.

ಇತ್ತ ರಾಜ್ಯಗಳು ಒಂದೊಂದಾಗಿ ತಮ್ಮ ದಾರಿ ಹಿಡಿಯುತ್ತಿವೆ. ಉತ್ತರಾಖಂಡ 2018ರಲ್ಲಿ ಕೈಗಾರಿಕಾ ಉಪಯೋಗದ ಸೆಣಬು ಜಾತಿಯ ಗಾಂಜಾ ಬೆಳೆಗೆ ಪರವಾನಗಿ ಕೊಟ್ಟಿತು. ಔಷಧ ಮತ್ತು ಕೈಗಾರಿಕೆಗಾಗಿ ಕೃಷಿಗೆ ಅವಕಾಶ ಕೊಡಬೇಕೆಂಬ ಸಮಿತಿಯ ವರದಿಯನ್ನು ಹಿಮಾಚಲ ಪ್ರದೇಶದ ವಿಧಾನಸಭೆ 2024ರಲ್ಲಿ ಒಪ್ಪಿಕೊಂಡಿತು. ವಿಶ್ವಸಂಸ್ಥೆಯ ಮಾದಕ ವಸ್ತುಗಳ ಆಯೋಗ 2020ರ ಡಿಸೆಂಬರ್‌ನಲ್ಲಿ ಗಾಂಜಾವನ್ನು ಅತ್ಯಂತ ಅಪಾಯಕಾರಿ ವಸ್ತುಗಳ ಪಟ್ಟಿಯಿಂದ ತೆಗೆದಾಗ ಭಾರತವೂ ಅದರ ಪರವಾಗಿ ಮತ ಹಾಕಿತ್ತು. ಗಾಳಿ ಎತ್ತ ಬೀಸುತ್ತಿದೆ ಎಂಬುದು ಸ್ಪಷ್ಟ. ಇದು ಹೀಗೆಯೇ ಮುಂದುವರಿದರೆ ಹತ್ತು ವರ್ಷಗಳಲ್ಲಿ ನಾವು ಅಮೆರಿಕದ ಗೋಜಲನ್ನು ಇಲ್ಲಿಯೂ ಕಟ್ಟಿಕೊಂಡಿರುತ್ತೇವೆ. ಒಂದು ರಾಜ್ಯದಲ್ಲಿ ಔಷಧವಾದದ್ದು ಇನ್ನೊಂದರಲ್ಲಿ ಅಪರಾಧವಾಗುತ್ತದೆ. ಅಪರಾಧವೆಂದರೆ ಸಣ್ಣದಲ್ಲ. ಗಿಡ ಬೆಳೆದವನಿಗೆ ಹತ್ತು ವರ್ಷಗಳವರೆಗಿನ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗಿನ ದಂಡ. ಒಂದು ಕಿಲೋವರೆಗಿನ ಗಾಂಜಾ ಇಟ್ಟುಕೊಂಡವನಿಗೂ ಒಂದು ವರ್ಷದವರೆಗೆ ಸೆರೆವಾಸ.

ನಮಗೆ ಈ ದಾರಿ ಹೊಸತೇನಲ್ಲ. ಗಾಂಜಾಕ್ಕಿಂತ ಎಷ್ಟೋ ಪಾಲು ಅಗತ್ಯವಾದ ಇನ್ನೊಂದು ಔಷಧದ ವಿಷಯದಲ್ಲಿ ನಾವು ಇದೇ ದಾರಿಯಲ್ಲಿ ಮೂವತ್ತು ವರ್ಷ ನಡೆದಿದ್ದೇವೆ. ಅದು ಮಾರ್ಫಿನ್. ಕ್ಯಾನ್ಸರಿನ ಕಡುನೋವಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮುಖ್ಯ ಔಷಧವೇ ಇದು. ಇದರ ಮೂಲ ಅಫೀಮು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರ ಪ್ರದೇಶಗಳ ರೈತರು ಸರ್ಕಾರದ ಪರವಾನಗಿ ಪಡೆದು ಅದನ್ನು ಬೆಳೆಯುತ್ತಾರೆ. ಘಾಜೀಪುರ ಮತ್ತು ನೀಮಚ್‌ಗಳಲ್ಲಿ ಅದನ್ನು ಸಂಸ್ಕರಿಸುವ ಸರ್ಕಾರಿ ಕಾರ್ಖಾನೆಗಳಿವೆ. ಜಗತ್ತಿಗೇ ಅಫೀಮು ರಫ್ತು ಮಾಡುವ ದೇಶ ನಮ್ಮದು. ಆದರೂ 2017ರಲ್ಲಿ ಪ್ರಕಟವಾದ ಲ್ಯಾನ್ಸೆಟ್ ಆಯೋಗದ ವರದಿಯ ಅಂದಾಜಿನಂತೆ ಭಾರತದ ರೋಗಿಗಳಿಗೆ ದೊರೆಯುತ್ತಿದ್ದ ಇಂಥ ನೋವುನಿವಾರಕ ಅಗತ್ಯದ ಶೇ 4ರಷ್ಟು ಮಾತ್ರ. ಕೆರೆಯ ದಂಡೆಯಲ್ಲಿಯೇ ಕುಳಿತವರಿಗೆ ಕುಡಿಯಲು ನೀರಿಲ್ಲ ಎಂಬಂತಿದೆ ಇದು.

ಹೀಗೇಕಾಯಿತು? 1985ರ ಕಾಯ್ದೆಯಲ್ಲಿ ಮಾರ್ಫಿನ್‌ನ ಸಾಗಣೆ, ದಾಸ್ತಾನು, ಮಾರಾಟಗಳ ನಿಯಮ ರೂಪಿಸುವ ಕೆಲಸ ರಾಜ್ಯಗಳ ಪಾಲಿಗೆ ಬಂತು. ಪ್ರತಿಯೊಂದು ರಾಜ್ಯವೂ ಪ್ರತ್ಯೇಕ ನಿಯಮ ಮಾಡಿತು. ಆಸ್ಪತ್ರೆಯೊಂದು ಸ್ವಲ್ಪ ಮಾರ್ಫಿನ್ ತರಿಸಿಕೊಳ್ಳಬೇಕಾದರೆ ದಾಸ್ತಾನಿಗೊಂದು, ಆಮದಿಗೊಂದು, ಸಾಗಣೆಗೊಂದು ಎಂದು ಹಲವು ಪರವಾನಗಿಗಳು ಬೇಕಾಗಿದ್ದವು. ಕಳುಹಿಸುವ ರಾಜ್ಯದ ಅನುಮತಿಯೂ ಪಡೆಯುವ ರಾಜ್ಯದ ಅನುಮತಿಯೂ ಏಕಕಾಲದಲ್ಲಿ ಚಾಲ್ತಿಯಲ್ಲಿರಬೇಕಿತ್ತು. ಒಂದು ಕೈಗೆ ಬರುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿದಿರುತ್ತಿತ್ತು. ಕಾಯ್ದೆ ಬಂದ ಹತ್ತು ಹನ್ನೆರಡು ವರ್ಷಗಳಲ್ಲಿ ದೇಶದ ವೈದ್ಯಕೀಯ ಮಾರ್ಫಿನ್ ಬಳಕೆ ಶೇ 90ಕ್ಕಿಂತ ಹೆಚ್ಚು ಕುಸಿಯಿತು. 1998ರಲ್ಲಿ ಕೇಂದ್ರವು ಸರಳವಾದ ಮಾದರಿ ನಿಯಮವನ್ನು ರಾಜ್ಯಗಳಿಗೆ ಕಳುಹಿಸಿತಾದರೂ ಎಲ್ಲ ರಾಜ್ಯಗಳೂ ಅದನ್ನು ಅಂಗೀಕರಿಸಲಿಲ್ಲ. ಕೊನೆಗೆ 2014ರಲ್ಲಿ ಸಂಸತ್ತು ಕಾಯ್ದೆಗೇ ತಿದ್ದುಪಡಿ ತಂದು, 'ಅಗತ್ಯ ಮಾದಕ ಔಷಧಗಳು' ಎಂಬ ವರ್ಗ ಮಾಡಿ, ದೇಶಕ್ಕೆಲ್ಲ ಒಂದೇ ನಿಯಮ ಜಾರಿಯಾಗುವಂತೆ ಮಾಡಿತು. ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಗಳು ಈ ವರ್ಗದಲ್ಲಿವೆ. 2015ರ ನಿಯಮಗಳ ಪ್ರಕಾರ, ತರಬೇತಿ ಪಡೆದ ಒಬ್ಬ ವೈದ್ಯರಿರುವ ಆಸ್ಪತ್ರೆ ರಾಜ್ಯದ ಔಷಧ ನಿಯಂತ್ರಕರಿಂದ ಮಾನ್ಯತೆ ಪಡೆದರೆ ಸಾಕು, ಹಳೆಯ ಪರವಾನಗಿಗಳ ಸರಮಾಲೆ ಬೇಕಿಲ್ಲ.

ಕಾನೂನು ಬದಲಾಗಿ ಹತ್ತು ವರ್ಷಗಳ ಮೇಲಾಯಿತು. ಆದರೂ ಗ್ರಾಮೀಣ ತಾಲ್ಲೂಕುಗಳ ರೋಗಿಗೆ ಮಾರ್ಫಿನ್ ಎಂದರೆ ಇಂದಿಗೂ ದೊಡ್ಡ ಊರಿನ ಮಾತೇ. ಹರಪನಹಳ್ಳಿಯವರು ದಾವಣಗೆರೆಗೆ, ಕೂಡ್ಲಿಗಿಯವರು ಬಳ್ಳಾರಿಗೆ, ಹಡಗಲಿಯವರು ಹುಬ್ಬಳ್ಳಿಗೆ, ಎಲ್ಲರೂ ಕೊನೆಗೆ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಎಂಬುದು ಕ್ಯಾನ್ಸರ್ ರೋಗಿಗಳ ರೂಢಿಯ ದಾರಿ. ಚಿಕಿತ್ಸೆಗೆ ಆ ದಾರಿ ಅನಿವಾರ್ಯವಿರಬಹುದು. 'ಇನ್ನು ಮನೆಗೆ ಕರೆದುಕೊಂಡು ಹೋಗಿ' ಎಂದು ವೈದ್ಯರು ಹೇಳಿದ ಮೇಲೂ ನೋವಿನ ಮಾತ್ರೆಗಾಗಿ ಅದೇ ದಾರಿ ತುಳಿಯಬೇಕೇ? ಮನೆಯವರೊಬ್ಬರು ಕೂಲಿ ಬಿಟ್ಟು, ಬಸ್ಸು ಹಿಡಿದು, ಎರಡು ದಿನ ಕಳೆದು ತರುವ ಮಾತ್ರೆಯ ನಿಜವಾದ ಬೆಲೆ ಚೀಟಿಯಲ್ಲಿ ಬರೆದದ್ದಕ್ಕಿಂತ ಹಲವು ಪಟ್ಟು ಹೆಚ್ಚು. ಕರ್ನಾಟಕ 2016ರಲ್ಲಿಯೇ ಉಪಶಾಮಕ ಆರೈಕೆಯ ನೀತಿಯನ್ನು ಪ್ರಕಟಿಸಿದ ರಾಜ್ಯ. ನೀತಿಯಿದ್ದೂ ಮಾತ್ರೆ ಊರಿಗೆ ಬಾರದಿದ್ದರೆ ಅಡಚಣೆ ಬೇರೆಲ್ಲೋ ಇದೆಯೆಂದೇ ಅರ್ಥ.

ಆ ಅಡಚಣೆಯನ್ನು ಆಡಳಿತದ ಒಳಗಿದ್ದವನಾಗಿ ನಾನು ಬಲ್ಲೆ. ನಿಯಂತ್ರಿತ ವಸ್ತುವಿನ ಕಡತ ಮೇಜಿಗೆ ಬಂದಾಗ ಅಧಿಕಾರಿಯ ಮುಂದೆ ಎರಡು ದಾರಿಗಳಿರುತ್ತವೆ. ಅನುಮತಿ ಕೊಟ್ಟು, ಮುಂದೆಂದಾದರೂ ಹತ್ತು ಮಾತ್ರೆ ದುರುಪಯೋಗವಾದರೆ ವಿಚಾರಣೆ ಎದುರಿಸಬೇಕು. ಅನುಮತಿ ಕೊಡದೆ, ಹತ್ತು ರೋಗಿಗಳು ನರಳಿ ಸತ್ತರೆ ಅವನನ್ನು ಯಾರೂ ಪ್ರಶ್ನಿಸುವುದಿಲ್ಲ. ನರಳಿಕೆ ಯಾವ ಲೆಕ್ಕಪರಿಶೋಧನೆಯಲ್ಲಿಯೂ ಆಕ್ಷೇಪಣೆಯಾಗಿ ಬರುವುದಿಲ್ಲ. ವೈದ್ಯರ, ಔಷಧ ಅಂಗಡಿಯವರ ಲೆಕ್ಕಾಚಾರವೂ ಇದೇ. ದಾಸ್ತಾನು ವಹಿ ಬರೆಯುವ ತಾಪತ್ರಯ, ಅಬಕಾರಿಯವರ ಭಯ, ಲಾಭವೋ ಅತ್ಯಲ್ಪ. ಅರ್ಥಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ, ನಿರಾಕರಣೆಯ ವೆಚ್ಚವನ್ನೆಲ್ಲ ರೋಗಿ ಭರಿಸುತ್ತಾನೆ, ನಿರಾಕರಿಸಿದವನು ಬಿಡಿಗಾಸನ್ನೂ ತೆರುವುದಿಲ್ಲ. ಇಂಥ ವ್ಯವಸ್ಥೆಯಲ್ಲಿ ಕಾನೂನನ್ನು ಎಷ್ಟು ಉದಾರಗೊಳಿಸಿದರೂ ಕೆಳಹಂತದಲ್ಲಿ 'ಬೇಡ' ಎಂಬುದೇ ಗೆಲ್ಲುತ್ತದೆ. ಅದನ್ನು ಮುರಿಯಬೇಕಾದರೆ ಕೊಡುವುದನ್ನು ಕರ್ತವ್ಯವಾಗಿಸಬೇಕು. ಕೊಡದಿದ್ದರೆ ಕಾರಣ ಬರೆಯುವಂತಾಗಬೇಕು.

ಗಾಂಜಾ ಮೂಲದ ಔಷಧಗಳಿಗೂ ಮಾರ್ಫಿನ್‌ಗೂ ವೈದ್ಯಕೀಯವಾಗಿ ಸಮಾನ ಸ್ಥಾನ ಕೊಡಲಾಗದು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಮಕ್ಕಳಲ್ಲಿ ಕಾಣುವ ಕೆಲವು ಅಪರೂಪದ, ತೀವ್ರ ಸ್ವರೂಪದ ಅಪಸ್ಮಾರಗಳಿಗೆ ಗಾಂಜಾ ಗಿಡದ ಕ್ಯಾನಬಿಡಿಯಾಲ್ ಎಂಬ ಅಂಶ ನೆರವಾಗುತ್ತದೆಂದು ಸಾಬೀತಾಗಿದೆ. ಅಮೆರಿಕದ ಔಷಧ ಪ್ರಾಧಿಕಾರ 2018ರಲ್ಲಿ ಅದಕ್ಕೆ ಒಪ್ಪಿಗೆ ನೀಡಿತು. ಕ್ಯಾನ್ಸರ್ ಚಿಕಿತ್ಸೆಯಿಂದ ಬರುವ ವಾಂತಿ, ಓಕರಿಕೆಗೆ ಗಾಂಜಾದ ಸಾರವನ್ನು ಹೋಲುವ ಕೃತಕ ಔಷಧಗಳು 1980ರ ದಶಕದಿಂದಲೂ ಬಳಕೆಯಲ್ಲಿವೆ. ಕ್ಯಾನ್ಸರಿನ ನೋವಿನ ವಿಷಯದಲ್ಲಿ ಪುರಾವೆ ದುರ್ಬಲವಾಗಿದೆ. ಗಾಂಜಾ ಸರ್ವರೋಗ ನಿವಾರಕ ಎಂದು ಮಾರುವವರನ್ನೂ ಅದು ಕೇವಲ ವಿಷ ಎಂದು ಭಾಷಣ ಮಾಡುವವರನ್ನೂ ನಂಬಬೇಕಾಗಿಲ್ಲ. ಯಾವ ರೋಗಕ್ಕೆ ಯಾವ ಔಷಧ ಎಂಬುದನ್ನು ವೈದ್ಯವಿಜ್ಞಾನ ನಿರ್ಧರಿಸಲಿ. ಅದು ನಿರ್ಧರಿಸಿದ ಮೇಲೆ ಗಡಿಗಳು ಅಡ್ಡ ಬಾರದಿರಲಿ ಎಂಬುದಷ್ಟೇ ನನ್ನ ವಾದ.

ಇದಕ್ಕೆ ಆಕ್ಷೇಪವಿದೆ, ಅದು ಹಗುರವಾದದ್ದಲ್ಲ. ಮೆಕ್ಕೆಜೋಳದ ನಡುವೆ ಗಾಂಜಾ ಗಿಡ ಬೆಳೆದು ಸಿಕ್ಕಿಬಿದ್ದ ಸುದ್ದಿಗಳು ನಮ್ಮ ಬಯಲುಸೀಮೆಯ ಜಿಲ್ಲೆಗಳಿಂದ ಆಗಾಗ ಬರುತ್ತವೆ. ಔಷಧದ ಹೆಸರಿನಲ್ಲಿ ಬಾಗಿಲು ತೆರೆದರೆ ವ್ಯಸನ ಒಳನುಗ್ಗದೇ ಎಂದು ತಾಯಂದಿರು ಕೇಳುತ್ತಾರೆ. ಥಾಯ್ಲೆಂಡ್‌ನ ಅನುಭವ ಈ ಭಯಕ್ಕೆ ಆಧಾರವನ್ನೂ ಒದಗಿಸುತ್ತದೆ. 2022ರಲ್ಲಿ ಅದು ಸೂಕ್ತ ನಿಯಂತ್ರಣವಿಲ್ಲದೆ ಗಾಂಜಾವನ್ನು ನಿಷೇಧದ ಪಟ್ಟಿಯಿಂದ ತೆಗೆಯಿತು. ಬೀದಿ ಬೀದಿಯಲ್ಲಿ ಅಂಗಡಿಗಳೆದ್ದವು. 2025ರಲ್ಲಿ ವೈದ್ಯರ ಚೀಟಿ ಕಡ್ಡಾಯವೆಂದು ಹಿಂದೆ ಸರಿಯಬೇಕಾಯಿತು. ಇದರ ಪಾಠ ಬಾಗಿಲು ಮುಚ್ಚಿಡಬೇಕೆಂಬುದಲ್ಲ, ವೈದ್ಯರ ಚೀಟಿಯ ಬಾಗಿಲನ್ನು ಮೊದಲು ನಿಲ್ಲಿಸಬೇಕೆಂಬುದು. ಕೇರಳದಲ್ಲಿ 1993ರಿಂದ ಕೋಯಿಕ್ಕೋಡಿನ ವೈದ್ಯರು, ಸ್ವಯಂಸೇವಕರು ಮನೆಮನೆಗೆ ಮಾರ್ಫಿನ್ ತಲುಪಿಸುತ್ತ ಬಂದರು. 2008ರಲ್ಲಿ ಆ ರಾಜ್ಯ ಅದನ್ನು ಸರ್ಕಾರಿ ನೀತಿಯನ್ನಾಗಿಸಿತು. ಅದರಿಂದ ಕೇರಳ ಅಫೀಮು ವ್ಯಸನಿಗಳ ನಾಡಾಗಲಿಲ್ಲ. ಬಿಗಿಯಾದ ವಹಿ, ತರಬೇತಿ ಪಡೆದ ಕೈ, ಹೆಸರು ಗೊತ್ತಿರುವ ರೋಗಿ, ಈ ಮೂರೂ ಇದ್ದಲ್ಲಿ ಸೋರಿಕೆಗೆ ಎಡೆ ಕಡಿಮೆ. ಹೊಲದ ನಡುವಿನ ಕದ್ದ ಗಿಡಕ್ಕೆ ಈ ಮೂರೂ ಇಲ್ಲ.

ಈಗ ಆಗಬೇಕಾದದ್ದೇನು? ಮೊದಲನೆಯದು ತುರ್ತಿನದು, ಹೊಸ ಕಾನೂನು ಬೇಡದ್ದು. ಈ ಐದೂ ತಾಲ್ಲೂಕುಗಳ ಸರ್ಕಾರಿ ಆಸ್ಪತ್ರೆಗಳಲ್ಲಿ ತಲಾ ಇಬ್ಬರು ವೈದ್ಯರಿಗೆ ನೋವು ನಿವಾರಣೆಯ ತರಬೇತಿ ಕೊಡಿಸಿ, ಆ ಆಸ್ಪತ್ರೆಗಳನ್ನು 2015ರ ನಿಯಮಗಳಡಿ ಮಾನ್ಯ ಸಂಸ್ಥೆಗಳನ್ನಾಗಿಸಬೇಕು. ಇಬ್ಬರು ಏಕೆಂದರೆ, ಒಬ್ಬರಿಗೆ ವರ್ಗವಾದರೆ ಮಾನ್ಯತೆಯೇ ಬಿದ್ದುಹೋಗಬಾರದು. ಮಾರ್ಫಿನ್ ಮಾತ್ರೆ ದುಬಾರಿಯಲ್ಲ. ಬೇಕಾದದ್ದು ಬೀಗವಿರುವ ಒಂದು ಕಪಾಟು, ಒಂದು ವಹಿ, ಜವಾಬ್ದಾರಿ ಹೊರುವ ಒಂದು ಸಹಿ.

ಎರಡನೆಯದು ಸಾಗುವ ಹಕ್ಕು. ಪಡಿತರ ಚೀಟಿಯ ವಿಷಯದಲ್ಲಿ ಇದನ್ನು ನಾವು ಸಾಧಿಸಿದ್ದೇವೆ. 'ಒಂದು ದೇಶ ಒಂದು ಪಡಿತರ ಚೀಟಿ' ವ್ಯವಸ್ಥೆ 2022ರ ಹೊತ್ತಿಗೆ ಎಲ್ಲ ರಾಜ್ಯಗಳನ್ನೂ ಒಳಗೊಂಡಿತು. ಗುಳೆ ಹೋದ ಕುಟುಂಬ ಹೋದ ಊರಿನಲ್ಲಿಯೇ ಅಕ್ಕಿ ಪಡೆಯಬಹುದು. ಅಕ್ಕಿಗೆ ಸಾಧ್ಯವಾದದ್ದು ನೋವಿನ ಔಷಧಕ್ಕೆ ಏಕೆ ಸಾಧ್ಯವಿಲ್ಲ? ಒಂದು ಮಾನ್ಯ ಸಂಸ್ಥೆ ಬರೆದ ಚೀಟಿಗೆ ದೇಶದ ಇನ್ನಾವುದೇ ಮಾನ್ಯ ಸಂಸ್ಥೆಯಲ್ಲಿ ಔಷಧ ದೊರೆಯಬೇಕು. ಯಾವ ರಾಜ್ಯದ ಪೊಲೀಸರು ಕೇಳಿದರೂ ಆ ಚೀಟಿಯೇ ರೋಗಿಗೆ ರಕ್ಷಣೆಯಾಗಬೇಕು.

ಮೂರನೆಯದು ಗಾಂಜಾ ಮೂಲದ ಔಷಧಗಳಿಗೆ ಸಂಬಂಧಿಸಿದ್ದು. ಪುರಾವೆಯಿಂದ ಸಿದ್ಧವಾದ ಔಷಧಗಳನ್ನು ಕೇಂದ್ರವು ರಾಜ್ಯಗಳಿಗೆ ಬಿಡದೆ ತಾನೇ ಏಕರೂಪದ ನಿಯಮದಡಿ ತರಬೇಕು. 2014ರಲ್ಲಿ ಮಾರ್ಫಿನ್‌ಗೆ ತೆರೆದ ಬಾಗಿಲೇ ಇವಕ್ಕೂ ಸಾಕು. ಗಿಡ ಬೆಳೆಸುವ ಅಧಿಕಾರ ರಾಜ್ಯಗಳಲ್ಲಿಯೇ ಇರಲಿ, ಬೇಡವೆನ್ನುವ ರಾಜ್ಯ ಬೆಳೆಸದಿರಲಿ. ಆದರೆ ಮಾತ್ರೆಯಾಗಿ, ಎಣ್ಣೆಯಾಗಿ ವೈದ್ಯರ ಚೀಟಿಯ ಮೇಲೆ ಬರುವುದನ್ನು ತಡೆಯುವ ಅಧಿಕಾರ ಯಾವ ರಾಜ್ಯಕ್ಕೂ ಇರಬಾರದು.

ನಾಲ್ಕನೆಯದು ಹೊರಗಿನಿಂದ ಬರುವವರದು. ಹಂಪೆ ಇರುವ ಜಿಲ್ಲೆಗೆ ಪರದೇಶದ ಪ್ರವಾಸಿಗಳು ಬರುತ್ತಲೇ ಇರುತ್ತಾರೆ. ವಿದೇಶದಲ್ಲಿ ನೆಲೆಸಿದ ಮಕ್ಕಳೂ ಕೊಟ್ಟೂರಿನ ತೇರಿಗೆ, ಮೈಲಾರದ ಜಾತ್ರೆಗೆ ಬರುತ್ತಾರೆ. ಜರ್ಮನಿಯ ವೈದ್ಯರು ಬರೆದುಕೊಟ್ಟ ಗಾಂಜಾ ಔಷಧ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕಳ್ಳಸಾಗಣೆಯ ಮಾಲಾಗುತ್ತದೆ. ಯುರೋಪಿನ ಷೆಂಗೆನ್ ಒಪ್ಪಂದದ ದೇಶಗಳು ನಿಯಂತ್ರಿತ ಔಷಧ ಒಯ್ಯುವ ರೋಗಿಗೆ 30 ದಿನಗಳ ಪ್ರಮಾಣಪತ್ರ ನೀಡುತ್ತವೆ. ಮುಂಗಡ ಅರ್ಜಿ, ವೈದ್ಯರ ಪತ್ರ, ಮಿತವಾದ ಪ್ರಮಾಣ, ನಿಗದಿತ ಅವಧಿ ಎಂಬ ಷರತ್ತುಗಳೊಡನೆ ಅಂಥದೊಂದು ಪತ್ರವನ್ನು ನಾವೂ ಕೊಡಬಹುದು.

2025ರ ಜನವರಿಯಲ್ಲಿ ಕರ್ನಾಟಕ ಸರ್ಕಾರ, ಸುಪ್ರೀಂ ಕೋರ್ಟಿನ ತೀರ್ಪಿಗೆ ಅನುಗುಣವಾಗಿ, ಚೇತರಿಕೆಯ ಆಸೆಯಿಲ್ಲದ ರೋಗಿಗೆ ಘನತೆಯಿಂದ ಸಾಯುವ ಹಕ್ಕನ್ನು ಜಾರಿಗೊಳಿಸುವ ಆದೇಶ ಹೊರಡಿಸಿತು. ದೇಶದಲ್ಲಿ ಮುಂಚೂಣಿಯ ಹೆಜ್ಜೆಯೆಂದು ಅದನ್ನು ಹೊಗಳಲಾಯಿತು, ಅದು ಸರಿಯೂ ಹೌದು. ಆದರೆ ಆ ಆದೇಶ ಕೃತಕ ಉಸಿರಾಟದ ಯಂತ್ರವಿರುವ ಆಸ್ಪತ್ರೆಯನ್ನು ತಲುಪಿದ ರೋಗಿಗೆ ಸಂಬಂಧಿಸಿದ್ದು. ಹಗರಿಬೊಮ್ಮನಹಳ್ಳಿಯ ಹಳ್ಳಿಯೊಂದರಲ್ಲಿ ಚಾಪೆಯ ಮೇಲೆ ಮಲಗಿ ರಾತ್ರಿಯಿಡೀ ನರಳುವವನಿಗೆ ತೆಗೆಯಬೇಕಾದ ಯಂತ್ರವೇ ಇಲ್ಲ. ಅವನಿಗೆ ಘನತೆಯೆಂದರೆ ನಾಲ್ಕು ಗಂಟೆಗೊಂದು ಮಾತ್ರೆ. ಜಿಲ್ಲೆ ಹೊಸದಾಯಿತು, ಕಚೇರಿಗಳು ಬಂದವು, ಫಲಕಗಳು ಬದಲಾದವು. ಐದು ತಾಲ್ಲೂಕುಗಳಿಗೆ ಐದು ಮಾನ್ಯತಾ ಪತ್ರಗಳನ್ನು ಕೊಡಿಸಲು ಜಿಲ್ಲಾಡಳಿತಕ್ಕೆ ಒಂದು ವರ್ಷ ಧಾರಾಳವಾಗಿ ಸಾಕು. ಆ ಕೆಲಸವನ್ನು ಅದು ಈ ವರ್ಷವೇ ಕೈಗೆತ್ತಿಕೊಳ್ಳಲಿ.